ಎಲೀಟ್ ಡೇಂಜರಸ್: ವಿಚಿತ್ರ ನಕ್ಷತ್ರಗುಚ್ಛಗಳ ಸಮೀಕ್ಷೆ ಮಾಡುವುದು ಹೇಗೆ?

ಬೇಲೂರಿನಿಂದ ಪ್ರಶ್ನೆ:
ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶಯಾನದ ಕಂಪ್ಯೂಟರ್ ಆಟದ ಗೆಲಾಕ್ಸಿ ಮ್ಯಾಪಿನಲ್ಲಿ, ಸೂರ್ಯನಿಂದ ಬಹುದೂರದಲ್ಲಿ, ನೀಲಿ ತಾರೆಗಳು ಒತ್ತಾಗಿ ಸೇರಿಕೊಂಡ ಜಾಗವೊಂದು ನನಗೆ ಕಂಡಿದೆ. ಅದು ನಿಜಕ್ಕೂ ವಿಶೇಷವೇ ಎಂದು ತಿಳಿಯುವುದು ಹೇಗೆ, ಏನೇನನ್ನು ಬರೆದಿಟ್ಟುಕೊಳ್ಳಬೇಕು ಎಂಬುದನ್ನು ಹಾಸನ, ಚಿಕ್ಕಮಗಳೂರು ಕಡೆಯ ಅನುಭವಿಗಳು ದಯವಿಟ್ಟು ತಿಳಿಸಬೇಕು.

ಸಕಲೇಶಪುರದಿಂದ:
ಮೊದಲು ಮ್ಯಾಪಿನ ಫಿಲ್ಟರನ್ನು ತೆಗೆದುಹಾಕಿ ನೋಡಿ. ಒ ಮತ್ತು ಬಿ ವರ್ಗದ, ಅಂದರೆ ಅತಿ ಬಿಸಿಯಾದ ನೀಲಿ ತಾರೆಗಳನ್ನಷ್ಟೇ ಉಳಿಸಿಕೊಂಡಿದ್ದರೆ ಯಾವ ಜಾಗವಾದರೂ ನೀಲಿ ಗೊಂಚಲಿನಂತೆಯೇ ಕಾಣುತ್ತದೆ. ಆಮೇಲೆ ಸಿಸ್ಟಂಗಳ, ಅಂದರೆ ತಾರೆ ಮತ್ತು ಅದರ ಗ್ರಹಗಳ ಕೂಟಗಳ, ಹೆಸರು ಓದಿ. ಈ ಆಟದ ಸುಮಾರು 40,000 ಕೋಟಿ ಸಿಸ್ಟಂಗಳಲ್ಲಿ ಬಹುಪಾಲು ಕಂಪ್ಯೂಟರಿನ ಗಣಿತ ಸೂತ್ರದಿಂದ ಹುಟ್ಟಿದವು. ಅವುಗಳ ಹೆಸರು ‘ಡಿ13-7’ ಎಂಬಂತೆ ಕೊನೆಗೊಳ್ಳುತ್ತದೆ. ಅದರಲ್ಲಿನ ಅಕ್ಷರವು ಸಿಸ್ಟಂ ಎಷ್ಟು ಭಾರದ್ದು ಎಂಬುದನ್ನೂ, ಅದು ಯಾವ ಗಾತ್ರದ ಘನಾಕಾರದ ಪೆಟ್ಟಿಗೆಗೆ ಸೇರಿದೆ ಎಂಬುದನ್ನೂ ಹೇಳುತ್ತದೆ: ‘ಎ’ ಆದರೆ ಪೆಟ್ಟಿಗೆಯ ಬದಿ 10 ಜ್ಯೋತಿರ್ವರ್ಷ, ಮುಂದಿನ ಪ್ರತಿ ಅಕ್ಷರಕ್ಕೂ ಅದು ಇಮ್ಮಡಿಯಾಗುತ್ತಾ ‘ಡಿ’ಗೆ 80, ‘ಎಚ್’ಗೆ 1,280. ಕೊನೆಯ ಅಂಕಿ ಆ ಪೆಟ್ಟಿಗೆಯೊಳಗಿನ ಕ್ರಮಸಂಖ್ಯೆ, ಅದು ಸೊನ್ನೆಯಿಂದ ಆರಂಭವಾಗುತ್ತದೆ. ಹೀಗಾಗಿ ಹುಡುಕುಪಟ್ಟಿಯಲ್ಲಿ ಅದೇ ಹೆಸರಿಗೆ ಸೊನ್ನೆ, ಒಂದು, ಎರಡು ಎಂದು ಹಾಕುತ್ತಾ ಹೋಗಿ, ಸಿಸ್ಟಂ ಸಿಗದ ಸಂಖ್ಯೆ ಬಂದಲ್ಲಿ ನಿಲ್ಲಿಸಿದರೆ, ಹಡಗು ಕದಲಿಸದೆಯೇ ಆ ಪೆಟ್ಟಿಗೆಯಲ್ಲಿ ಆ ಅಕ್ಷರದ ಎಷ್ಟು ಸಿಸ್ಟಂಗಳಿವೆ ಎಂಬುದು ತಿಳಿಯುತ್ತದೆ. ಅಕ್ಕಪಕ್ಕದ ಪೆಟ್ಟಿಗೆಗಳನ್ನೂ ಹೀಗೆಯೇ ಎಣಿಸಿ ಹೋಲಿಸಿ ನೋಡಿ. ಆಟದ ದಾರಿ ಹುಡುಕುವ ಸಾಧನವಾದ ರೂಟ್ ಪ್ಲಾಟರ್ ತೋರಿಸಿದ ದಾರಿಯಲ್ಲಿ ಸಿಕ್ಕಿದ್ದನ್ನಷ್ಟೇ ಎಣಿಸುವುದನ್ನು ನಾನು ಸಮೀಕ್ಷೆ ಎನ್ನಲಾರೆ, ಏಕೆಂದರೆ ಆ ದಾರಿಯನ್ನು ಆರಿಸುವುದು ನಮ್ಮ ಹಡಗಿನ ಜಿಗಿತದ ಮಿತಿಯೇ ಹೊರತು ಆಕಾಶವಲ್ಲ.

ಹಾಸನ ನಗರದಿಂದ:
ಸಕಲೇಶಪುರದವರ ಮಾತು ಸೂತ್ರದಿಂದ ಹುಟ್ಟಿದ ತಾರೆಗಳಿಗೆ ಸರಿ. ಖಗೋಳಶಾಸ್ತ್ರಜ್ಞರ ನಿಜವಾದ ತಾರಾ ಕ್ಯಾಟಲಾಗಿನಿಂದ ತಂದು ಕೂರಿಸಿದವುಗಳ ಕಥೆಯೇ ಬೇರೆ. ನಮ್ಮ ಕೃತ್ತಿಕೆಯನ್ನೇ ನೋಡಿ. ಆಟದಲ್ಲಿ ಮೈಯಾ, ಮೆರೋಪೆ ಮುಂತಾದ ಅದರ ತಾರೆಗಳು ಸೂರ್ಯನಿಂದ ಸುಮಾರು 380 ಜ್ಯೋತಿರ್ವರ್ಷ ದೂರದಲ್ಲಿವೆ. ಹಿಪ್ಪಾರ್ಕಸ್ ಉಪಗ್ರಹದ ಅಳತೆಗಳಿಂದ 1997ರಲ್ಲಿ ಪ್ರಕಟವಾದ ಕ್ಯಾಟಲಾಗಿನ ಲೆಕ್ಕವೂ ಅದರ ಸಮೀಪವೇ ಇತ್ತು, ಆದರೆ ಬೇರೆ ವಿಧಾನಗಳ ಅಳತೆಗಳೂ ಆಟ ಬಿಡುಗಡೆಯಾದ ಮೇಲೆ ಬಂದ ಗಾಯಾ ಉಪಗ್ರಹದ ಮಾಹಿತಿಯೂ ಅದನ್ನು ಸುಮಾರು 440ಕ್ಕೆ ಒಯ್ದಿವೆ. ಮೈಯಾದ ಜೊತೆಗೆ ಆಟದಲ್ಲಿರುವ ಕಪ್ಪುಕುಳಿಯಂತೂ ಶುದ್ಧ ಕಲ್ಪನೆ. ಆದ್ದರಿಂದ ನಿಮ್ಮ ಗುಚ್ಛದ ತಾರೆಗಳ ಹೆಸರಿನಲ್ಲಿ ಆ ಹಿಪ್ಪಾರ್ಕಸ್ ಕ್ಯಾಟಲಾಗಿನ ಸಂಖ್ಯೆಗಳಿದ್ದರೆ, ಅದರ ವೈಚಿತ್ರ್ಯ ಹಳೆಯ ಅಳತೆಯಿಂದ ಬಂದಿರಬಹುದು.

ದಟ್ಟಣೆ ಅಳೆಯಲು ನಾನು ನ್ಯಾವಿಗೇಷನ್ ಪ್ಯಾನೆಲನ್ನು ನೆಚ್ಚಿಕೊಳ್ಳುತ್ತೇನೆ. ಅದು ಹತ್ತಿರದ ಸಿಸ್ಟಂಗಳನ್ನು ದೂರದ ಸಮೇತ, ಹೆಚ್ಚೆಂದರೆ 50ರವರೆಗೆ, ಪಟ್ಟಿ ಮಾಡುತ್ತದೆ. ಐವತ್ತನೆಯದು 10 ಜ್ಯೋತಿರ್ವರ್ಷ ದೂರದಲ್ಲಿದ್ದರೆ, ಸುಮಾರು 4,190 ಘನ ಜ್ಯೋತಿರ್ವರ್ಷದ ಗೋಳದಲ್ಲಿ 50 ಸಿಸ್ಟಂಗಳಿವೆ ಎಂದಾಯಿತು. ಅದೇ 8ರಲ್ಲಿದ್ದರೆ ದಟ್ಟಣೆ ಹೆಚ್ಚುಕಡಿಮೆ ಎರಡರಷ್ಟು. ಗುಚ್ಛದ ನಡುವೆ ಒಮ್ಮೆ, ಹೊರಗೆ ನಾಲ್ಕಾರು ದಿಕ್ಕುಗಳಲ್ಲಿ ಒಮ್ಮೊಮ್ಮೆ ಈ ಲೆಕ್ಕ ತೆಗೆಯಿರಿ, ಆದರೆ ಎಲ್ಲವೂ ಒಂದೇ ಎತ್ತರದಲ್ಲಿರಲಿ. ಗೆಲಾಕ್ಸಿಯ ತಟ್ಟೆಯಿಂದ ಮೇಲೆ ಹೋದಂತೆ ತಾರೆಗಳು ತಾವಾಗಿಯೇ ವಿರಳವಾಗುತ್ತವೆ. ಬರೆದಿಡಬೇಕಾದದ್ದು ಹೆಸರು, ಮುಖ್ಯ ತಾರೆಯ ವರ್ಗ, ಎತ್ತರ, ಐವತ್ತನೆಯದರ ದೂರ, ಇಷ್ಟೇ. ಪ್ರತಿ ಸಿಸ್ಟಂನ ಪ್ರತಿ ಗ್ರಹವನ್ನೂ ಸ್ಕ್ಯಾನ್ ಮಾಡಲು ಕುಳಿತರೆ ಸಮೀಕ್ಷೆ ಮುಗಿಯುವುದಿಲ್ಲ.

ಮೂಡಿಗೆರೆಯಿಂದ:
ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಈ ಆಟಕ್ಕಾದರೋ ಒಬ್ಬರೇ ಆಡುವ ಸೋಲೋದಲ್ಲಿಯೂ ಇಂಟರ್‌ನೆಟ್ ಬೇಕು. ಎಣಿಸಿದ ಕೊನೆಯ ಕ್ರಮಸಂಖ್ಯೆಯನ್ನು ಆಗಿಂದಾಗಲೇ ಕಾಗದದಲ್ಲಿ ಗುರುತು ಹಾಕಿ. ಹಡಗು ನಾಶವಾದರೆ, ಕಂಡುಹಿಡಿದು ಇನ್ನೂ ಆಟದೊಳಗೆ ಮಾರದ ಡೇಟಾ ಹೋಯಿತೆಂದೇ ಲೆಕ್ಕ, ಹಾಗಾಗಿ ದೂರದ ಗುಚ್ಛದಿಂದ ಮರಳುವಾಗ ಅವಸರ ಬೇಡ. ಇನ್ನೊಂದು ವಿಷಯ: ಒ, ಬಿ, ಎ, ಎಫ್, ಜಿ, ಕೆ, ಎಂ ವರ್ಗದ ತಾರೆಗಳಿಂದ ಮಾತ್ರ ಹಡಗಿನ ಫ್ಯುಯೆಲ್ ಸ್ಕೂಪ್ ಎಂಬ ಸಾಧನ ಇಂಧನ ತುಂಬಿಕೊಳ್ಳುತ್ತದೆ. ನೀಲಿ ಗುಚ್ಛದಲ್ಲಿ ತೊಂದರೆಯಿಲ್ಲ. ಅದರ ಅಂಚಿನಲ್ಲಿ ಇಂಧನ ಸಿಗದ ಮಂದ ಕಂದು ಕುಬ್ಜಗಳೇ ತುಂಬಿದ್ದರೆ, ಅರ್ಧ ಟ್ಯಾಂಕ್ ಇರುವಾಗಲೇ ಹಿಂದಿರುಗಿ.