ಮೌಸ್ ಹಿಪೊಕ್ಯಾಂಪಸ್‌ಗೆ ಎರಡೇ ಆ್ಯಂಟಿಬಾಡಿ ತರಿಸಬಹುದು. ಯಾವುದು?

ಸಿಎ1_ಹೊಸಬ: ಗೈಡ್ ಈ ವರ್ಷ ಎರಡೇ ಪ್ರೈಮರಿಗೆ (ಟಿಶ್ಯೂನ ಪ್ರೋಟೀನ್‌ಗೆ ನೇರವಾಗಿ ಅಂಟುವ ಆ್ಯಂಟಿಬಾಡಿ) ದುಡ್ಡು ಅಂದಿದ್ದಾರೆ. ಮೌಸ್, ಹಿಪೊಕ್ಯಾಂಪಸ್‌ನ (ಮಿದುಳಿನಲ್ಲಿ ನೆನಪಿನ ಭಾಗ) ಸಿಎ1 ವಲಯ, 40 ಮೈಕ್ರಾನ್ ಸೆಕ್ಷನ್. ಇಂಟರ್‌ನ್ಯೂರಾನ್‌ಗಳನ್ನು (ಸುತ್ತಲಿನ ನರಕೋಶಗಳನ್ನು ತಡೆಹಿಡಿಯುವ ನರಕೋಶ) ಬಗೆ ಬಗೆಯಾಗಿ ಎಣಿಸಬೇಕು. ಬಗೆ ಗುರುತಿಸಲು ಕೋಶದೊಳಗಿನ ಪಾರ್ವಾಲ್ಬುಮಿನ್, ಸೊಮಾಟೊಸ್ಟಾಟಿನ್ ಸಾಕಾ? ಸಿಸಿಕೆ (ಕೊಲೆಸಿಸ್ಟೊಕೈನಿನ್) ಬೇಕಾ? ಅನುಭವ ಇದ್ದವರು ಹೇಳಿ.

ಬುಟ್ಟಿಕೋಶ: ಪಾರ್ವಾಲ್ಬುಮಿನ್ ಒಂದೇ ಸಾಕು. ನನ್ನ ಪಿಎಚ್‌ಡಿ ಪೂರ್ತಿ ಒಂದೇ ವಯಲ್‌ನಲ್ಲಿ ಮುಗಿದಿದೆ. 1:5000ಕ್ಕೆ ಇಳಿಸಿದರೂ ಕೋಶ ಝಗ್ಗನೆ ಹೊಳೆಯಿತು. ಪಿರಮಿಡಲ್ ಪದರದಲ್ಲಿ ಒಂದೊಂದು ಕೋಶದ ಸುತ್ತಲೂ ಟರ್ಮಿನಲ್‌ಗಳ (ಆ್ಯಕ್ಸಾನ್ ತುದಿ) ಚುಕ್ಕಿ. ಮೊಲದಲ್ಲಿ ತಯಾರಾದದ್ದನ್ನೇ ಕೊಳ್ಳಿ. ಮೌಸ್‌ನದ್ದನ್ನು ಮೌಸ್ ಮೇಲೇ ಹಾಕಿದರೆ ರಕ್ತನಾಳವೆಲ್ಲ ಬೆಳಗುತ್ತದೆ. 38 ಸಾವಿರ ಕೊಟ್ಟೆ, ಒಂದು ಪೈಸೆ ದಂಡವಾಗಿಲ್ಲ.

ರಿವ್ಯೂವರ್2_ಸಂತ್ರಸ್ತೆ: "ಒಂದೇ ಸಾಕು" ಅನ್ನುವವರ ಮಾತು ಕೇಳಿಯೇ ನಮ್ಮ ಪೇಪರ್ ವಾಪಸ್ ಬಂತು. ಬಾಸ್ಕೆಟ್, ಆ್ಯಕ್ಸೊ-ಆ್ಯಕ್ಸೋನಿಕ್, ಬೈಸ್ಟ್ರಾಟಿಫೈಡ್, ಮೂರೂ ಬಗೆಯ ಇಂಟರ್‌ನ್ಯೂರಾನ್‌ನಲ್ಲೂ ಪಾರ್ವಾಲ್ಬುಮಿನ್ ಇದೆ. 2008ರಲ್ಲೇ ಕ್ಲೌಸ್‌ಬರ್ಗರ್, ಸೊಮೋಗಿ ಸಿಎ1 ಒಂದರಲ್ಲೇ ಕನಿಷ್ಠ 21 ಬಗೆ ಇಂಟರ್‌ನ್ಯೂರಾನ್ ಅಂತ ಬರೆದಾಗಿದೆ. ರಿವ್ಯೂವರ್ ಸುಮ್ನೆ ಬಿಡ್ತಾರಾ? ಆ್ಯಕ್ಸೊ-ಆ್ಯಕ್ಸೋನಿಕ್ ಕೋಶ ಬಂದು ಕೂರುವ ಆ್ಯಕ್ಸಾನ್ ಬುಡ ತೋರಿಸಲು ಆ್ಯಂಕಿರಿನ್-ಜಿ ತರಿಸಿದೆವು. 52 ಸಾವಿರ, ಮೇಲೆ ಜಿಎಸ್‌ಟಿ, ಸಾಗಣೆಗೆ ಬೇರೆ 4,500. ಇಂಡೆಂಟ್ ಪರ್ಚೇಸ್ ಸೆಕ್ಷನ್‌ನಲ್ಲಿ ಕೊಳೆಯಿತು, ಬಾಕ್ಸ್ ಕಸ್ಟಮ್ಸ್‌ನಲ್ಲಿ. ಬಿಚ್ಚಿದಾಗ ಜೆಲ್ ಪ್ಯಾಕ್ ಬೆಚ್ಚಗಿತ್ತು. ಸಾಲದ್ದಕ್ಕೆ, ನಮ್ಮ ಮಿದುಳುಗಳೆಲ್ಲ ರಾತ್ರಿಯಿಡೀ 4% ಪಿಎಫ್ಎಯಲ್ಲಿ (ಟಿಶ್ಯೂ ಕೆಡದಂತೆ ಫಿಕ್ಸ್ ಮಾಡುವ ದ್ರಾವಣ) ನೆನೆದವು. ಆ ಆ್ಯಂಟಿಬಾಡಿಗೆ ಜಾಸ್ತಿ ಫಿಕ್ಸ್ ಆದ ಟಿಶ್ಯೂ ಒಗ್ಗುವುದಿಲ್ಲ. ಪರ್ಫ್ಯೂಷನ್‌ನಿಂದಲೇ ಮತ್ತೆ ಶುರು.

ಬುಟ್ಟಿಕೋಶ: ಫಿಕ್ಸೇಶನ್ ನಿಮ್ಮದು, ಬೈಗುಳ ಪಾರ್ವಾಲ್ಬುಮಿನ್‌ಗೆ. ಚೆನ್ನಾಗಿದೆ ಮೇಡಂ.

ಓರಿಯೆನ್ಸ್_ವಾಸಿ: ಸೊಮಾಟೊಸ್ಟಾಟಿನ್ ಕಥೆ ನನ್ನನ್ನು ಕೇಳಿ. ಅದು ಪೆಪ್ಟೈಡ್, ಆ್ಯಕ್ಸಾನ್ ಕಡೆಗೆ ಸಾಗಿಬಿಡುತ್ತದೆ. ಸಿಎ1ರ ಓರಿಯೆನ್ಸ್ ಪದರದ ಓ-ಎಲ್ಎಂ ಕೋಶಗಳು (ಸೊಮಾಟೊಸ್ಟಾಟಿನ್ ಇರುವ ಇಂಟರ್‌ನ್ಯೂರಾನ್) ಪೇಲವ, ಎಣಿಸಲು ಧೈರ್ಯ ಬರಲಿಲ್ಲ. ಅದಕ್ಕೇ ಕ್ರೀ ಲೈನ್ (ಸೊಮಾಟೊಸ್ಟಾಟಿನ್ ಕೋಶಗಳು ಕೆಂಪಗೆ ಹೊಳೆಯುವಂತೆ ಜೀನ್ ತಿದ್ದಿದ ಮೌಸ್) ಸಾಕಿದೆವು. ಪಂಜರದ ಬಾಡಿಗೆ, ಜೀನೋಟೈಪಿಂಗ್ ಪ್ರೈಮರ್, ಟ್ಯಾಕ್, ಜೆಲ್ ಎಲ್ಲ ಸೇರಿ ವರ್ಷಕ್ಕೆ ಎರಡು ಲಕ್ಷ ದಾಟಿತು. ಕೊನೆಗೆ ನೋಡಿದರೆ ಪಾರ್ವಾಲ್ಬುಮಿನ್ ಕೋಶಗಳೂ ಕೆಲವು ಕೆಂಪಗಿವೆ! ಬೈಸ್ಟ್ರಾಟಿಫೈಡ್‌ನಲ್ಲಿ ಎರಡೂ ಇರುತ್ತವೆ, ಒಪ್ಪಿದೆ. ಆದರೆ ಸೊಮಾಟೊಸ್ಟಾಟಿನ್ ಇಲ್ಲದ ಫಾಸ್ಟ್ ಸ್ಪೈಕಿಂಗ್ ಬಾಸ್ಕೆಟ್ ಕೋಶಕ್ಕೆ ಅಲ್ಲೇನು ಕೆಲಸ?

ಹೈಲಸ್_ಹೈದ: ಮೌಸ್ ಸಹವಾಸವೇ ಬೇಡ. ನನ್ನದು ರ‍್ಯಾಟ್, ಕ್ಯಾಲ್ರೆಟಿನಿನ್ (ಗುರುತಿಗೆ ಬಳಸುವ ಇನ್ನೊಂದು ಪ್ರೋಟೀನ್). ಹೈಲಸ್‌ನ (ಹಿಪೊಕ್ಯಾಂಪಸ್‌ನ ಡೆಂಟೇಟ್ ಭಾಗದ ಒಳಗು) ಮಾಸಿ (mossy) ಕೋಶಗಳಿಗೆ ಅದು ಹಿಡಿಯಲ್ಲ, ಇಂಟರ್‌ನ್ಯೂರಾನ್‌ಗಳು ಬಿಡಿಬಿಡಿಯಾಗಿ ಸಿಗುತ್ತವೆ. ಮೌಸ್‌ನಲ್ಲಿ ಮಾಸಿ ಕೋಶಗಳೂ ಹೊಳೆದು, ಡೆಂಟೇಟ್‌ನ ಒಳ ಮಾಲಿಕ್ಯುಲರ್ ಪದರದಲ್ಲಿ ದಪ್ಪ ಪಟ್ಟೆ ಬರುತ್ತದೆ. ಪಕ್ಕದ ಲ್ಯಾಬಿನವರು ಅದನ್ನು ಬ್ಯಾಕ್‌ಗ್ರೌಂಡ್ ಅಂತ ತೊಳೆದಿದ್ದೇ ತೊಳೆದಿದ್ದು.

ಸಿಎ1_ಹೊಸಬ: ಸರ್, ಡೆಂಟೇಟ್ ಕೇಳಲಿಲ್ಲ. ಸಿಸಿಕೆ ಹಾಕಿದವರು ಯಾರಾದರೂ?

ರಿವ್ಯೂವರ್2_ಸಂತ್ರಸ್ತೆ: ಸಿಸಿಕೆ ಬದಲು ಸಿಬಿ1 (ಕ್ಯಾನಬಿನಾಯ್ಡ್ ರಿಸೆಪ್ಟರ್) ತಗೊಳ್ಳಿ. ಸಿಸಿಕೆ ಬಾಸ್ಕೆಟ್ ಕೋಶದ ಟರ್ಮಿನಲ್‌ಗಳಲ್ಲಿ ತುಂಬಿಕೊಂಡಿರುತ್ತದೆ. ಎಣಿಸಲು ಸೋಮಾ (ಕೋಶದ ದೇಹ) ಮಾತ್ರ ಸಿಗಲ್ಲ, ನಾವು ಟರ್ಮಿನಲ್‌ಗಳ ದಟ್ಟಣೆ ಅಳೆದೆವು. 47 ಸಾವಿರ. ಹೈದ ಅವರೇ, ರ‍್ಯಾಟ್ ಪಂಜರದ ಬಾಡಿಗೆ ಯಾರ ಗ್ರ್ಯಾಂಟ್‌ನಿಂದ?

ಹೈಲಸ್_ಹೈದ: ಜೆಲ್ ಪ್ಯಾಕ್ ಕಾಯಿಸಿ ಕುಡಿದವರು ನನ್ನ ಗ್ರ್ಯಾಂಟ್ ಲೆಕ್ಕ ಕೇಳಬೇಡಿ.

ಓರಿಯೆನ್ಸ್_ವಾಸಿ: ರ‍್ಯಾಟ್‌ಗೆ ಕ್ರೀ ಲೈನ್ ಎಷ್ಟಿವೆ ಸ್ವಾಮಿ? ಬೆರಳಲ್ಲಿ ಎಣಿಸಿ ಹೇಳಿ.

ಹೈಲಸ್_ಹೈದ: ನಿಮ್ಮ ಹಾಗೆ ಕೆಂಪಗಾಗಿದ್ದನ್ನೆಲ್ಲ ಸೊಮಾಟೊಸ್ಟಾಟಿನ್ ಅನ್ನೋಕೆ ಲೈನ್ ಬೇಕಾ?