ಮರು: ಕ್ಷುದ್ರಗ್ರಹವೋ, ಕಿರುಗ್ರಹವೋ? (ಫ್ಲೆಕ್ಸ್ ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು)

> ಮಂಡ್ಯದ ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ‘67 ಏಷ್ಯಾ’ ಅನ್ನೋ ಆಸ್ಟರಾಯ್ಡ್ ಬಗ್ಗೆ ಫ್ಲೆಕ್ಸ್ ಮಾಡಿಸ್ತಿದ್ದೀವಿ. ಮೇಲೆ ದಪ್ಪಕ್ಷರದಲ್ಲಿ ಏನಂತ ಹಾಕೋದು? ಉಲ್ಕೆ ಅಂದರೆ ನಡೆಯುತ್ತಾ?

ಮೇಡಂ, ಕಿರುಗ್ರಹ ಅಂತ ಹಾಕಿಸಿ. ಉಲ್ಕೆ ಬೇಡವೇ ಬೇಡ. ನಮ್ಮ ಗಾಳಿಗೆ ನುಗ್ಗಿ ಉರಿಯುವ ಚೂರು ಉಲ್ಕೆ. ಏಷ್ಯಾ ಇರೋದು ಮಂಗಳ, ಗುರುಗಳ ನಡುವಿನ ಪಟ್ಟಿಯಲ್ಲಿ. ಕಲ್ಲಿನ ಜಾತಿಯದು, ಅಡ್ಡಳತೆ ಸುಮಾರು 60 ಕಿ.ಮೀ., ಮೈಸೂರಿನಿಂದ ರಸ್ತೆ ಹಿಡಿದರೆ ಮಂಡ್ಯ ದಾಟಿ ಮದ್ದೂರಿನ ಹತ್ತಿರ ಬರುವಷ್ಟು. ಸೂರ್ಯನನ್ನು ಒಂದು ಸುತ್ತು ಹಾಕೋಕೆ ಹೆಚ್ಚುಕಮ್ಮಿ 3.8 ವರ್ಷ, ತನ್ನ ಸುತ್ತ ತಾನು ತಿರುಗೋಕೆ 16 ಗಂಟೆ. 1861ರ ಏಪ್ರಿಲ್‌ನಲ್ಲಿ ಮದ್ರಾಸಿನ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಕಂಡುಹಿಡಿದದ್ದು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದು, ಅದಕ್ಕೇ ಆ ಹೆಸರು. ಮದ್ರಾಸಿನ ವಿಷಯ ಖಂಡಿತ ಹಾಕಿಸಿ, ಮಕ್ಕಳಿಗೆ ಗೊತ್ತಾಗಲಿ.

> ಕಿರು ಕನ್ನಡ, ಗ್ರಹ ಸಂಸ್ಕೃತ. ಅರಿಸಮಾಸ. ತಪ್ಪು.

ಸರ್, ಹಾಗಾದರೆ ಹೀಗೇ ಕನ್ನಡ, ಸಂಸ್ಕೃತ ಬೆರೆತ ದಿನಗೂಲಿ, ಮಳೆಗಾಲ ಎಲ್ಲ ಬಿಡೋಣವೇ? ಕ್ಷುದ್ರ ಅಂದರೆ ಸಂಸ್ಕೃತದಲ್ಲಿ ಚಿಕ್ಕದು, ಒಪ್ಪಿದೆ. ಆದರೆ ಕನ್ನಡದಲ್ಲಿ ಅದು ಉಳಿದಿರೋದು ಕ್ಷುದ್ರ ಶಕ್ತಿ, ಕ್ಷುದ್ರ ಬುದ್ಧಿಯಲ್ಲಿ. ಗ್ರಹ ಅಂದ ತಕ್ಷಣ ಗ್ರಹಚಾರ ನೆನೆಯುವ ಜನ ನಾವು. ಎರಡನ್ನೂ ಅಂಟಿಸಿದರೆ ಐದನೇ ಕ್ಲಾಸಿನ ಮಗು ಅದನ್ನು ಕೆಟ್ಟ ಗ್ರಹ ಅಂತಲೇ ಓದುತ್ತೆ. ಟಿವಿಯವರು ‘ಭೂಮಿಯತ್ತ ಕ್ಷುದ್ರಗ್ರಹ’ ಅಂತ ಹೆದರಿಸೋಕೂ ಈ ಪದವೇ ಒದಗಿಬರುತ್ತೆ.

ಸುಮ್ನೆ ಆಸ್ಟರಾಯ್ಡ್ ಅಂತಲೇ ಬರೀರಿ ಅಂದವರಿಗೂ ಒಂದು ಮಾತು. ಎರವಲು ತಗೊಳ್ಳೋದಕ್ಕೆ ನನ್ನ ತಕರಾರಿಲ್ಲ, ಬಸ್ಸು, ಟಿಕೆಟ್ಟು ನಮ್ಮವೇ ಆಗಿವೆ. ಆದರೆ ಇದು 1802ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷಲ್ ಬಳಸಿದ ಪದ, ‘ನಕ್ಷತ್ರದಂಥದ್ದು’ ಅಂತ ಅರ್ಥ. ಆಗಿನ ದೂರದರ್ಶಕದಲ್ಲಿ ಇವು ಬರೀ ಚುಕ್ಕಿ. ರಾತ್ರಿ ರಾತ್ರಿ ನಕ್ಷೆಯ ಜೊತೆ ತಾಳೆ ನೋಡುತ್ತ ಹೋದರೆ ಸುತ್ತಲಿನ ಚುಕ್ಕಿಗಳು ಇದ್ದಲ್ಲೇ ಇರ್ತವೆ, ಇದೊಂದು ಸರಿದಿರುತ್ತೆ. ನಕ್ಷತ್ರ ಅಲ್ಲ ಅಂತ ಗೊತ್ತಾಗಿದ್ದೇ ಹಾಗೆ. ಅದನ್ನೇ ‘ತಾರಾಭ’ ಅಂತ ಮಾಡೋಣ ಅನ್ನೋದಂತೂ ಇನ್ನೂ ದೂರದ ಮಾತು, ಇನ್ನೂರು ವರ್ಷದ ಹಿಂದಿನ ಗಾಜಿಗೆ ಕಾಣದ್ದನ್ನು ಇವತ್ತು ನಾವ್ಯಾಕೆ ಹೆಸರಾಗಿ ಹೊರಬೇಕು?

ಮೇಡಂ, ಪಠ್ಯದಲ್ಲಿ ಕ್ಷುದ್ರಗ್ರಹ ಅಂತಲೇ ಓದಿದ ಮಕ್ಕಳಿಗೆ ಗೊಂದಲ ಆಗದಂತೆ ಕೆಳಗೆ ಸಣ್ಣಕ್ಷರದಲ್ಲಿ ಅದೂ ಇರಲಿ. ಕುಬ್ಜಗ್ರಹ (ಡ್ವಾರ್ಫ್ ಪ್ಲಾನೆಟ್) ಅಂತ ಮಾತ್ರ ಹಾಕಿಸಬೇಡಿ, 2006ರಿಂದ ಅದು ಸೀರಿಸ್, ಪ್ಲೂಟೊಗಳ ಪಂಕ್ತಿ.