ಒಂಟಿ ಗಿಳಿಗೆ ವಿಡಿಯೋ ಕಾಲ್ ಮಾಡಿಸಬಹುದಾ?

ಪ್ರಶ್ನೆ: ನಮ್ಮ ಆಫ್ರಿಕನ್ ಗ್ರೇ ಗಿಳಿ ತನ್ನ ಗರಿ ತಾನೇ ಕಿತ್ತುಕೊಳ್ಳುತ್ತಿದೆ. ಎದೆ ಮೇಲೆ ಎರಡು ಬೆರಳಗಲ ಬರೀ ಚರ್ಮ, ನೋಡಿದರೆ ಹೊಟ್ಟೆ ಉರಿಯುತ್ತದೆ. ನಾವು ಕೆಲಸಕ್ಕೆ ಹೋದರೆ ಸಂಜೆವರೆಗೂ ಒಂಟಿ. ಟ್ಯಾಬ್‌ನಲ್ಲಿ ಬೇರೆ ಗಿಳಿ ತೋರಿಸಿದರೆ ಸಾಕಾ?

ಉತ್ತರ 1: ಮೊದಲು ಪಕ್ಷಿ ಗೊತ್ತಿರುವ ಡಾಕ್ಟರಿಗೆ ತೋರಿಸಿ, ಕಾಯಿಲೆಯಿಂದಲೂ ಹೀಗಾಗುತ್ತದೆ. 2023ರಲ್ಲಿ ಅಮೆರಿಕ, ಸ್ಕಾಟ್ಲೆಂಡ್ ಸಂಶೋಧಕರು 18 ಸಾಕು ಗಿಳಿಗಳಿಗೆ ವಿಡಿಯೋ ಕಾಲ್ ಮಾಡುವುದನ್ನು ಕಲಿಸಿದ್ದರು. ಗಿಳಿ ಗಂಟೆ ಬಾರಿಸಬೇಕು, ಆಮೇಲೆ ಟ್ಯಾಬ್‌ನಲ್ಲಿ ತನಗೆ ಬೇಕಾದ ಗೆಳೆಯನ ಫೋಟೋ ಮುಟ್ಟಬೇಕು. ಆದರೆ ಮಾಲೀಕರು ಪಕ್ಕದಲ್ಲೇ ಕೂತಿರುತ್ತಿದ್ದರು, ಹೆದರಿದರೆ ಕಾಲ್ ಕಟ್. ಸುಮ್ನೆ ಹಚ್ಚಿಟ್ಟು ಹೋಗಬೇಡಿ.

ಉತ್ತರ 2: ಆಯ್ಕೆ ಪ್ರಾಣಿಯದ್ದೇ ಇರಬೇಕು, ಅಲ್ವಾ? 2016ರಲ್ಲಿ ಮೆಲ್ಬರ್ನ್ ಮೃಗಾಲಯದಲ್ಲಿ ಒರಾಂಗುಟಾನ್‌ಗಳಿಗೆ ನೆಲದ ಮೇಲೆ ಬೆಳಕಿನ ಆಟ ಮೂಡಿಸಿದ್ದರು, ಕೈಗೆ ಟ್ಯಾಬ್ ಕೊಟ್ಟರೆ ಅವುಗಳ ಬಲಕ್ಕೆ ಪುಡಿಯಾಗುತ್ತದಲ್ಲ, ಅದಕ್ಕೆ ಮೈಯ ಚಲನೆ ಗುರುತಿಸುವ ಕಿನೆಕ್ಟ್ ಸೆನ್ಸರ್. ಮಲು ಎಂಬ ಗಂಡು ನೆಲದ ಮೇಲಿನ ಬೆಳಕಿನ ಚುಕ್ಕೆಗೆ ಬಗ್ಗಿ ಮುತ್ತಿಟ್ಟಿತು! ಬೇಡವಾದರೆ ಎದ್ದು ಹೋಗಬಹುದಿತ್ತು.

ಉತ್ತರ 3: ನಮ್ಮ ಗಿಳಿಗೆ ಪರದೆಗಿಂತ ಕಾಗದದಲ್ಲಿ ಸುತ್ತಿಟ್ಟ ಕಡಲೆಕಾಯಿ ಜಾಸ್ತಿ ಇಷ್ಟ. ಬಿಚ್ಚೋದರಲ್ಲೇ ಅರ್ಧ ಗಂಟೆ ಮುಳುಗಿರುತ್ತದೆ. ಅದನ್ನೂ ಇಟ್ಟು ನೋಡಿ.

ಪ್ರಶ್ನೆ ಕೇಳಿದವರು: ನಾಳೆಯೇ ಡಾಕ್ಟರ ಹತ್ತಿರ ಹೋಗುತ್ತೇವೆ. ಗಂಟೆಯನ್ನು ರಜೆ ದಿನ, ಪಕ್ಕದಲ್ಲಿ ಕೂತೇ ಶುರು ಮಾಡುತ್ತೇನೆ.